ನಾಗವ್ವ ಬಿಟ್ಟ ಸಕ್ಕರೆ

ನಿನ್ನೆ ಏನು ತಿಂದಿರಿ ಎಂದು ಕೇಳುವುದು ನನ್ನ ಹೊಟ್ಟೆಪಾಡು. ಪುಣೆಯ ಒಂದು ಆರೋಗ್ಯ ಸಂಶೋಧನಾ ಸಂಸ್ಥೆಯಲ್ಲಿ ಹನ್ನೆರಡು ವರ್ಷಗಳಿಂದ ಇದೇ ಕೆಲಸ. ಹೆಗಲಿಗೊಂದು ಚೀಲ, ಅದರೊಳಗೆ ಮೂರು ಅಳತೆಯ ಬಟ್ಟಲು, ಮೂರು ಅಳತೆಯ ಚಮಚ, ಒಂದು ಕಟ್ಟು ಫಾರ್ಮು. ಮನೆಗೆ ಹೋಗಿ, ಕೂತು, ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಹೋದದ್ದನ್ನೆಲ್ಲ ಎರಡು ಮೂರು ಸುತ್ತು ಕೇಳಿ ಹೇಳಿಸಿ ಬರೆದುಕೊಂಡು ಬರಬೇಕು. ಕೇಳಲು ಸುಲಭ. ಆದರೆ ಊಟದ ವಿಷಯದಲ್ಲಿ ಮನುಷ್ಯ ಹೇಳುವಷ್ಟು ಸುಳ್ಳನ್ನು ಬೇರೆ ಯಾವ ವಿಷಯದಲ್ಲೂ ಹೇಳಲಾರ. ಬೇಕೆಂದೇ ಹೇಳುವುದಿಲ್ಲ, ಪಾಪ. ಬಾಯಿ ತಿಂದದ್ದನ್ನು ಮನಸ್ಸು ಮರೆತಿರುತ್ತದೆ. ನಿಂತುಕೊಂಡು ತಿಂದದ್ದು ಲೆಕ್ಕಕ್ಕಿಲ್ಲ, ಮಕ್ಕಳ ತಾಟಿನಲ್ಲಿ ಉಳಿದದ್ದು ಲೆಕ್ಕಕ್ಕಿಲ್ಲ, ಅಡುಗೆ ಮಾಡುತ್ತ ರುಚಿ ನೋಡಿದ್ದು ಲೆಕ್ಕಕ್ಕಿಲ್ಲ. ನಿನ್ನೆ ಏಕಾದಶಿ, ಏನೂ ತಿಂದಿಲ್ಲ ಎಂದವರ ಬಾಯಿಂದ ಎರಡನೆಯ ಸುತ್ತಿನಲ್ಲಿ ಸಾಬೂದಾಣೆ ಖಿಚಡಿ, ಬಟಾಟೆ ಚಿಪ್ಸು, ಶೇಂಗಾ ಲಾಡು, ಎರಡು ಬಾಳೆಹಣ್ಣು ಸಾಲಾಗಿ ಹೊರಬೀಳುತ್ತವೆ. ನಾನು ಮುಖ ಗಂಟು ಹಾಕಿಕೊಂಡು ಬರೆಯುತ್ತೇನೆ. ನಕ್ಕುಬಿಟ್ಟರೆ ಮೂರನೆಯ ಸುತ್ತು ಸಿಗುವುದಿಲ್ಲ.

ಹೀಗೆ ಸಾವಿರಾರು ಜನರ ನಿನ್ನೆಗಳನ್ನು ಬರೆದ ನನಗೆ ಮೊದಲ ಸುತ್ತಿನಲ್ಲೇ ಎಲ್ಲವನ್ನೂ ಹೇಳಿ ಮುಗಿಸಿದವರು ಒಬ್ಬರೇ ಸಿಕ್ಕಿದರು. ಪುಣೆಯದೇ ಬಡಾವಣೆ ಧನಕವಡಿಯ ನಾಗವ್ವ. ಎರಡನೆಯ ಸುತ್ತಿನಲ್ಲಿ ಕೇಳಿದರೆ ಮೊದಲಿನದನ್ನೇ ಹೇಳಿದರು, ಮೂರನೆಯದರಲ್ಲಿ ನಿನಗ ಕಿವಿ ಕೇಳೂದಿಲ್ಲೇನು ಎಂದರು. ಅವರ ಬಗ್ಗೆ ಬರೆಯುವುದಕ್ಕೆ ಅವರೇನೂ ದೊಡ್ಡ ಮನುಷ್ಯರಲ್ಲ. ಅವರ ಮಾತನ್ನು ಬರೆದುಕೊಂಡವಳು ನಾನು, ಆಮೇಲೆ ನಂಬದೆ ಹೋದವಳೂ ನಾನು. ಬರೆಯಲು ಅಷ್ಟು ಕಾರಣ ಸಾಕು.

ನಾಗವ್ವ ಇಂಡಿ ತಾಲೂಕಿನ ಕಡೆಯವರು. ಹದಿನಾರಕ್ಕೆ ಮದುವೆಯಾಗಿ ಪುಣೆ ಹತ್ತಿರದ ದೇಹೂ ರೋಡಿಗೆ ಬಂದರು. ಗಂಡ ಈರಬಸಪ್ಪ ಅಲ್ಲಿನ ಸೈನ್ಯದ ಉಗ್ರಾಣವೊಂದರಲ್ಲಿ ಕಾರಕೂನ. ಕ್ವಾರ್ಟರ್ಸಿನಲ್ಲಿ ಸುತ್ತಲೂ ದೇಶದ ಎಲ್ಲ ಮೂಲೆಯ ಜನ. ನಾಗವ್ವ ಮರಾಠಿಯನ್ನು ಕಾಯಿಪಲ್ಲೆ ಮಾರುವವರಿಂದ ಕಲಿತರು, ಹಿಂದಿಯನ್ನು ನೀರಿನ ನಲ್ಲಿಯ ಮುಂದೆ ಜಗಳವಾಡುತ್ತ ಕಲಿತರು. ಊರಿನಿಂದ ವರ್ಷಕ್ಕೊಮ್ಮೆ ಬಿಳಿಜೋಳದ ಚೀಲ ಬರುತ್ತಿತ್ತು. ದಿನವೂ ಎರಡು ಹೊತ್ತು ರೊಟ್ಟಿ ಬಡಿಯುವ ಸಪ್ಪಳ. ಒಮ್ಮೆ ಪಕ್ಕದ ಪಂಜಾಬಿ ಸುಬೇದಾರನ ಹೆಂಡತಿ ಬಂದು ನೋಡಿ, ಇಷ್ಟು ಬೆಳ್ಳಗಿರುವುದು ರೋಟಿಯೇ ಅಲ್ಲ ಎಂದಳಂತೆ. ನಾಗವ್ವ ಅವಳ ಮನೆಗೆ ಹೋಗಿ ಅವಳದನ್ನು ನೋಡಿ ಬಂದರು. ಗೋಧಿ ಹಿಟ್ಟಿನದು. ಅದು ಚಪಾತಿ, ಅದಕ್ಕೆ ರೊಟ್ಟಿ ಅನ್ನುವ ಜನಕ್ಕೆ ಏನು ಹೇಳುವುದು ಎಂದು ನನ್ನ ಮುಂದೆ ನಲವತ್ತು ವರ್ಷದ ನಂತರವೂ ಸಿಟ್ಟು ಮಾಡಿಕೊಂಡರು.

ಈರಬಸಪ್ಪನವರಿಗೆ ಸಿಹಿ ಎಂದರೆ ಪ್ರಾಣ. ಎಂಬತ್ತೆಂಟರಲ್ಲಿ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಮಗ ಶಿವರಾಜ ಆಗ ಕಾಲೇಜಿನಲ್ಲಿದ್ದ. ಡಾಕ್ಟರು ಬರೆದುಕೊಟ್ಟ ಪಥ್ಯದ ಚೀಟಿಯನ್ನು ಅವನು ಅಡುಗೆಮನೆಯ ಗೋಡೆಗೆ ಅಂಟಿಸಿದ. ಚೀಟಿ ಗೋಡೆಯ ಮೇಲಿತ್ತು, ಈರಬಸಪ್ಪ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿರುತ್ತಿದ್ದರು. ಒಂದು ಚಮಚ ಹಾಕು, ಅರ್ಧ ಚಮಚ ಹಾಕು ಎಂದು ಅಂಗಲಾಚುತ್ತಿದ್ದರು. ಆಫೀಸಿನಲ್ಲಿ ಹತ್ತು ಜನಕ್ಕೆ ಹುಕುಂ ಮಾಡುವ ಗಂಡಸು ಹಾಗೆ ಕೇಳಿದರೆ ಎಷ್ಟು ದಿನ ಇಲ್ಲ ಎನ್ನುವುದು. ನಾಗವ್ವ ಹಾಕಿ ಕೊಡುತ್ತಿದ್ದರು. ಮಗ ಕೇಳಿದರೆ ಇಲ್ಲ ಎನ್ನುತ್ತಿದ್ದರು. ತೊಂಬತ್ತಾರರಲ್ಲಿ ಕಾಲಿನ ಒಂದು ಬೆರಳು ಹೋಯಿತು, ಆಮೇಲೆ ಪಾದ ಹೋಯಿತು. ತೊಂಬತ್ತೇಳರ ಶ್ರಾವಣದಲ್ಲಿ ಮನುಷ್ಯನೇ ಹೋದ.

ಮಣ್ಣು ಮಾಡಿ ಬಂದ ದಿನ ಶಿವರಾಜ ತಾಯಿಗೆ ಒಂದು ಮಾತು ಅಂದ. ನೀನೇ ಕೊಟ್ಟು ಕೊಂದಿ ಅಂದ. ಸಿಟ್ಟಿನಲ್ಲಿ ಬಂದ ಮಾತು, ಎರಡು ದಿನಕ್ಕೆ ಅವನೇ ಮರೆತ. ಅವರು ಮರೆಯಲಿಲ್ಲ. ಶಿವಗಣಾರಾಧನೆಯ ದಿನ ಬಡಿಸಿದ ಗೋಧಿ ಹುಗ್ಗಿಯನ್ನು ಅವರು ಮುಟ್ಟಲಿಲ್ಲ. ಅಂದಿನಿಂದ ಸಕ್ಕರೆಯಿಲ್ಲ, ಬೆಲ್ಲವಿಲ್ಲ. ದೇವರ ಮುಂದೆ ಹರಕೆ ಹೊತ್ತದ್ದಲ್ಲ, ಯಾರಿಗೂ ಹೇಳಿದ್ದಲ್ಲ. ಬಿಟ್ಟರು, ಅಷ್ಟೆ. ತಿಂಗಳೆರಡಾದ ಮೇಲೆ ಚಹಾ ಕೊಡುವಾಗ ಸೊಸೆ ಶೈಲಶ್ರೀಗೆ ಗೊತ್ತಾಯಿತು. ವರ್ಷವಾದ ಮೇಲೆ ಮಗನಿಗೆ ಗೊತ್ತಾಯಿತು.

ಶಿವರಾಜ ಆಮೇಲೆ ಕಾತ್ರಜ್ ರಸ್ತೆಯಲ್ಲಿ ನಲ್ಲಿ, ಪೈಪು ಮಾರುವ ಅಂಗಡಿ ಹಾಕಿದ. ಧನಕವಡಿಯಲ್ಲಿ ಮೂರನೆಯ ಮಾಳಿಗೆಯಲ್ಲಿ ಮನೆ ಮಾಡಿದ. ಮನೆಗೆ ಬಂದವರ ಮುಂದೆ, ನಮ್ಮವ್ವ ಸಕ್ಕರಿ ಬಿಟ್ಟು ಇಷ್ಟು ವರ್ಷ ಆತು ಎಂದು ತಾನಾಗಿಯೇ ಹೇಳಲು ಶುರುಮಾಡಿದ. ಮೊದಲು ಮೂರು ವರ್ಷ ಅಂದ, ಆಮೇಲೆ ಐದು ಅಂದ, ಏಳು ಅಂದ. ಪಂಚಮಿಗೆ ನಾಗವ್ವ ಮಾಡಿದ ಉಂಡಿಗೆ ಆ ಗಲ್ಲಿಯಲ್ಲೆಲ್ಲ ಹೆಸರಿತ್ತು. ಪಾಕವನ್ನು ಬೆರಳಿನಲ್ಲಿ ಹಿಡಿದು ನೋಡುತ್ತಿದ್ದರೇ ಹೊರತು ಆ ಬೆರಳನ್ನು ನೆಕ್ಕುತ್ತಿರಲಿಲ್ಲ. ಯಾರಾದರೂ ಪ್ರಸಾದ ಕೊಟ್ಟರೆ ಕಣ್ಣಿಗೆ ಒತ್ತಿಕೊಂಡು ಪಕ್ಕದವರ ಕೈಗೆ ದಾಟಿಸುತ್ತಿದ್ದರು. ಮಗ ಬಂದವರ ಮುಂದೆ ವರ್ಷ ಎಣಿಸುವಾಗ ಅವರು ಒಳಗೆ ನಿಂತು ಕೇಳಿಸಿಕೊಳ್ಳುತ್ತಿದ್ದರು ಎಂದು ಶೈಲಶ್ರೀ ಹೇಳಿದಳು. ಆಡಿದ ಮಾತನ್ನು ಮಗ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಆದರೆ ಒಂದೊಂದು ವರ್ಷ ಎಣಿಸಿದಾಗಲೂ ಅದರಲ್ಲಿ ಒಂದಿಷ್ಟನ್ನು ಹಿಂದಕ್ಕೆ ತೆಗೆದುಕೊಂಡಂತೆ ಅವರಿಗೆ ಆಗುತ್ತಿತ್ತು. ನಾಗವ್ವನ ಹತ್ತಿರ ಇದ್ದ ಆಸ್ತಿ ಅದೊಂದೇ: ಈ ಬಾಯಿ ಈಗ ಸುಳ್ಳು ಹೇಳುವುದಿಲ್ಲ ಎಂದು ಮಗ ನಂಬಿದ್ದ.

ಎರಡು ಸಾವಿರದ ಆರರಲ್ಲಿ ನಮ್ಮ ಸಂಸ್ಥೆ ಹೊಸ ಅಧ್ಯಯನ ಶುರುಮಾಡಿತು. ದೊಡ್ಡವರು ದಿನಕ್ಕೆ ಎಷ್ಟು ಸಕ್ಕರೆ ತಿನ್ನುತ್ತಾರೆ ಎಂದು ತಿಳಿಯಬೇಕಿತ್ತು. ಬಾಯಿ ಹೇಳುವುದನ್ನು ನಾವು ಬರೆದು ತರಬೇಕು, ಜೊತೆಗೆ ಆ ಜನರಿಂದ ಒಂದು ಸಣ್ಣ ಶೀಸೆ ರಕ್ತ ತೆಗೆದು ಪರದೇಶದ ಪ್ರಯೋಗಶಾಲೆಗೆ ಕಳಿಸುತ್ತಾರೆ. ರಕ್ತವೂ ತಿಂದ ಸಕ್ಕರೆಯ ಅಂದಾಜು ಹೇಳುತ್ತದಂತೆ. ಹೇಗೆ ಹೇಳುತ್ತದೆ ಎಂದು ನಮಗೆ ತಿಳಿಸಲಿಲ್ಲ. ತಿಳಿಸಿದರೆ ನಾವು ಕೇಳುವ ರೀತಿ ಬದಲಾಗುತ್ತದೆ, ಆಮೇಲೆ ಎರಡನ್ನೂ ಹೋಲಿಸಿ ಪ್ರಯೋಜನವಿಲ್ಲ ಎಂದು ಅಧ್ಯಯನದ ಮುಖ್ಯಸ್ಥೆ ಅಂಬಾ ಮ್ಯಾಡಮ್ ಹೇಳಿದರು. ಅದು ಸರಿಯೇ. ಅವರು ಹುಷಾರಿ ಹೆಂಗಸು, ಯಾರ ಮೇಲೂ ಕೂಗಾಡಿದವರಲ್ಲ. ನಮಗೆ ಒಂದೇ ನಿಯಮ ಕೊಟ್ಟರು. ಜನ ಯಾವ ಶಬ್ದ ಹೇಳುತ್ತಾರೋ ಅದೇ ಶಬ್ದ ಬರೆಯಿರಿ, ನಿಮ್ಮದನ್ನು ಸೇರಿಸಬೇಡಿ.

ನನಗೆ ಧನಕವಡಿಯ ಕನ್ನಡದವರ ಮನೆಗಳನ್ನು ಕೊಟ್ಟರು. ಮೂವತ್ತೊಂದು ಮನೆ. ಅಂಗಡಿಯವರು, ಗುಮಾಸ್ತರು, ಗಾರೆ ಕೆಲಸದವರು. ನಾನು ಕಲಬುರ್ಗಿ ಕಡೆಯ ಮನೆತನದವಳು, ಬೆಳೆದದ್ದು ತಳೇಗಾಂವ ದಾಭಾಡೆಯಲ್ಲಿ. ಅಪ್ಪ ಅಲ್ಲಿನ ಕಾರ್ಖಾನೆಯಲ್ಲಿದ್ದ. ಓದಿದ್ದೆಲ್ಲ ಮರಾಠಿ ಶಾಲೆ. ಕನ್ನಡ ಅಕ್ಷರ ಅವ್ವ ಹಳೆಯ ವಾರಪತ್ರಿಕೆ ಮುಂದಿಟ್ಟುಕೊಂಡು ಕಲಿಸಿದ್ದು. ಮನೆಮಾತಿನಲ್ಲಿ ಕೇಳಿದರೆ ಜನ ಖರೇ ಹೇಳುತ್ತಾರೆ ಎಂದು ಮ್ಯಾಡಮ್ ನನ್ನನ್ನು ಆರಿಸಿದ್ದರು. ಇದು ಒಳ್ಳೆಯ ವಿಚಾರವೆಂದು ನನಗೂ ಅನಿಸಿತ್ತು. ಹಾಳಾದದ್ದು ಅದರಿಂದಲೇ.

ನಾನು ಕನ್ನಡದಲ್ಲಿ ಕೇಳಿದೆ, ಅವರು ಕನ್ನಡದಲ್ಲಿ ಹೇಳಿದರು. ಏನು ಉಂಡ್ರಿ ಎಂದರೆ ಎಲ್ಲರೂ ರೊಟ್ಟಿ ಎಂದರು. ಕೇಳಿದವಳಿಗೂ ಹೇಳಿದವರಿಗೂ ಆ ಶಬ್ದಕ್ಕೆ ಒಂದೇ ಅರ್ಥ. ಜೋಳದ್ದೇನ್ರಿ ಎಂದು ನಾನು ಕೇಳಿದ್ದರೆ ಹುಚ್ಚಿ ಅನ್ನುತ್ತಿದ್ದರು. ಆದರೆ ಫಾರ್ಮು ಮರಾಠಿಯದು. ಮರಾಠಿ ಬರೆಯುವ ಅಕ್ಷರದಲ್ಲಿ ನಮ್ಮ ಗಿಡ್ಡ ಒಕಾರವಿಲ್ಲ, ಇರುವುದು ಉದ್ದದ್ದೊಂದೇ. ಹಾಗಾಗಿ ನಾನು ರೋಟ್ಟಿ ಎಂದು ಬರೆದೆ. ಮೊದಲ ವಾರದ ಫಾರ್ಮುಗಳು ಆಫೀಸಿನಲ್ಲಿ ಕುಶಲನ ಮೇಜಿಗೆ ಹೋದವು. ಅವನು ನಮ್ಮ ಬರಹ ತಿದ್ದಿ ಕಂಪ್ಯೂಟರಿಗೆ ಕಳಿಸುವ ಹುಡುಗ, ಹೆಸರಿಗೆ ತಕ್ಕ ಹಾಗೆ ಚುರುಕು. ಎಲ್ಲ ಕಡೆ ಒಂದು ಟಕಾರಕ್ಕೆ ಕೆಂಪು ಗೆರೆ ಎಳೆದು, ಇಷ್ಟು ವರ್ಷ ಓದಿ ರೋಟಿ ಬರೆಯಲು ಬರುವುದಿಲ್ಲವೇ ಎಂದು ನಕ್ಕ. ನನಗೆ ನಾಚಿಕೆಯಾಯಿತು. ಮರಾಠಿ ಶಾಲೆಯಲ್ಲಿ ಕನ್ನಡದ ಹುಡುಗಿಯಾಗಿ ಕಲಿತವರಿಗೆ ಕೆಂಪು ಗೆರೆಯ ಹೆದರಿಕೆ ಸಾಯುವತನಕ ಇರುತ್ತದೆ. ಎರಡನೆಯ ವಾರದಿಂದ ನಾನೇ ರೋಟಿ ಎಂದು ಬರೆದೆ. ಮರಾಠಿಯಲ್ಲಾಗಲಿ ಹಿಂದಿಯಲ್ಲಾಗಲಿ ರೋಟಿ ಎಂದರೆ ಗೋಧಿಯದು. ಜೋಳದ್ದಕ್ಕೆ ಅವರು ಭಾಕರಿ ಅನ್ನುತ್ತಾರೆ. ಇದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಬಜಾರಿನಲ್ಲಿ ದಿನಾ ಆಡುವ ಮಾತು. ಆದರೂ ಕೈ ಬರೆಯುತ್ತಿತ್ತು, ತಲೆ ಕನ್ನಡದಲ್ಲಿ ಓದಿಕೊಳ್ಳುತ್ತಿತ್ತು. ನನ್ನ ಬದಲು ಮರಾಠಿ ಹುಡುಗಿಯೊಬ್ಬಳು ಹೋಗಿದ್ದರೆ ನಾಗವ್ವ ತಮ್ಮ ಮರಾಠಿಯಲ್ಲಿ ಭಾಕರಿ ಎನ್ನುತ್ತಿದ್ದರು, ಅವಳು ಅದನ್ನೇ ಬರೆಯುತ್ತಿದ್ದಳು.

ನಾಗವ್ವನ ಫಾರ್ಮು ನನಗೆ ಇವತ್ತಿಗೂ ಬಾಯಿಪಾಠ. ಬೆಳಿಗ್ಗೆ ಸಕ್ಕರೆಯಿಲ್ಲದ ಚಹಾ. ಹತ್ತಕ್ಕೆ ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ. ಮಧ್ಯಾಹ್ನ ಮಜ್ಜಿಗೆ. ಸಂಜೆ ಮತ್ತೆ ಸಪ್ಪನ ಚಹಾ. ರಾತ್ರಿ ಎರಡು ರೊಟ್ಟಿ, ಬದನೆಕಾಯಿ, ಒಂದು ಮುಟಿಗೆ ಅನ್ನ. ಸಕ್ಕರೆಯ ಕಾಲಮ್ಮಿನಲ್ಲಿ ಸೊನ್ನೆ. ಸೊನ್ನೆ ಬರೆದಾಗ ನನಗೆ ಅನುಮಾನ ಬಂದು ಮೂರೂ ಸುತ್ತು ಕೇಳಿದೆ. ಆಗಲೇ ಅವರು ಗಂಡನ ಕಥೆ ಹೇಳಿದ್ದು. ಹೇಳುವಾಗ ಅಳಲಿಲ್ಲ. ಕದ್ದು ಕೊಟ್ಟದ್ದನ್ನು ಎಷ್ಟು ಸರಳವಾಗಿ ಹೇಳಿದರೋ ಆಮೇಲೆ ಬಿಟ್ಟದ್ದನ್ನೂ ಅಷ್ಟೇ ಸರಳವಾಗಿ ಹೇಳಿದರು.

ಡಿಸೆಂಬರದಲ್ಲಿ ರಕ್ತದ ವರದಿ ಬಂತು. ಅಂಬಾ ಮ್ಯಾಡಮ್ ನನ್ನನ್ನು ಒಳಗೆ ಕರೆದು ಕೂಡಿಸಿದರು. ಬೇರೆಯವರ ಮನೆಗಳಲ್ಲಿ ಬಾಯಿ ಹೇಳಿದ್ದೂ ರಕ್ತ ಹೇಳಿದ್ದೂ ಹೆಚ್ಚುಕಡಿಮೆ ತಾಳೆಯಾಗಿತ್ತು. ನನ್ನ ಮೂವತ್ತೊಂದರಲ್ಲಿ ಇಪ್ಪತ್ತೇಳು ಮನೆ ತಾಳೆಯಾಗಿರಲಿಲ್ಲ. ರಕ್ತದ ಪ್ರಕಾರ ಅವರೆಲ್ಲ ಮಿಠಾಯಿ ಅಂಗಡಿಯಲ್ಲೇ ವಾಸವಾಗಿರಬೇಕು. ನಾಗವ್ವನದು ದಿನಕ್ಕೆ ಹದಿನೆಂಟು ಚಮಚ. ಒಂದೋ ಈ ಮನೆಯವರು ಮರೆಮಾಚಿದ್ದಾರೆ, ಇಲ್ಲವೇ ನೀನು ಮನೆಗಳಿಗೆ ಹೋಗದೆ ಎಲ್ಲೋ ಕೂತು ಬರೆದಿದ್ದೀ, ಎರಡರಲ್ಲಿ ಯಾವುದೆಂದು ತಿಂಗಳೊಳಗೆ ನೋಡಿ ಹೇಳು ಎಂದರು ಮ್ಯಾಡಮ್. ಸಿಟ್ಟಿನಿಂದ ಹೇಳಲಿಲ್ಲ. ನನ್ನ ನೌಕರಿ ವರ್ಷ ವರ್ಷಕ್ಕೂ ಹೊಸ ಕಾಗದದ ಮೇಲೆ ನಡೆಯುವಂಥದು. ಮುಂದಿನ ಕಾಗದ ಜನವರಿಗೆ ಇತ್ತು.

ಮತ್ತೆ ಮನೆಗಳನ್ನು ಸುತ್ತಿದೆ. ಬಂದ ವರದಿಯನ್ನು ಮನೆಯವರಿಗೆ ಹೇಳಬಾರದು ಎಂದು ನಿಯಮವಿತ್ತು, ಮರೆತದ್ದನ್ನು ನೆನಪಿಸಿ ಕೇಳಬೇಕು, ಅಷ್ಟೆ. ನಾಗವ್ವನ ಮನೆಗೆ ಹೋದಾಗ ಅಂಗಡಿಗೆ ರಜೆ, ಶಿವರಾಜ ಒಳಕೋಣೆಯಲ್ಲಿದ್ದ. ನಾನು ಚಮಚಗಳನ್ನು ಚಾಪೆಯ ಮೇಲೆ ಇಟ್ಟುಕೊಂಡು ಪ್ರಸಾದ, ಔಷಧ, ಬಿಸ್ಕೀಟು, ಮಂದಿಯ ಮನೆಯ ಪಾನಕ ಎಂದು ಒಂದೊಂದೇ ಕೇಳಿದೆ. ಅವರು ಒಂದೊಂದಕ್ಕೂ ಇಲ್ಲ ಎಂದರು. ನನಗೆ ಜನವರಿಯ ಕಾಗದ ಕಣ್ಣಮುಂದಿತ್ತು. ಮುದುಕಿ ಒಂದು ಲಾಡು ತಿಂದೆ ಎಂದು ಒಪ್ಪಿಕೊಂಡರೆ ನನ್ನ ಕೆಲಸ ಉಳಿಯುತ್ತಿತ್ತು. ಹೇಳಬಾರದ್ದನ್ನು ಹೇಳಿಬಿಟ್ಟೆ. ರಕ್ತದಾಗ ಬಂದದ್ರಿ ಅವ್ವಾರ, ದಿನಾ ಹದಿನೆಂಟ ಚಮಚ ಎಂದೆ.

ಶಿವರಾಜ ಹೊರಗೆ ಬಂದ. ಏನು ಬಂದದ ಎಂದು ನನ್ನನ್ನು ಕೇಳಿದ. ಮತ್ತೊಮ್ಮೆ ಹೇಳಬೇಕಾಯಿತು. ಅವನು ಕೂಗಾಡಿದ್ದರೆ ಒಳ್ಳೆಯದಿತ್ತು. ತಾಯಿಯ ಕಡೆ ನೋಡಿ ಮೆಲ್ಲಗೆ ಅಂದ.

"ಅಪ್ಪಗ ಕೊಡುವಾಗನೂ ಹಿಂಗ ಇಲ್ಲ ಅಂತಿದ್ದಿ, ಅವ್ವಾ."

ನಾಗವ್ವ ಅವನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ನೀ ಎದುರಿಗೆ ಕುಂತು ಬರಕೊಂಡೀಯಲ್ಲ ತಂಗಿ. ನಿನಗ ಖರೇ ಅನಸ್ಲಿಲ್ಲೇನು?"

ಅನಿಸಿತ್ತು. ವರ್ಷಗಟ್ಟಲೆ ಸುಳ್ಳುಗಳ ನಡುವೆಯೇ ಕೂತು ಬರೆದವಳಿಗೆ ಖರೇ ಯಾವುದೆಂದು ಗೊತ್ತಾಗದೆ ಇರುತ್ತದೆಯೇ. ಆದರೆ ನಾನು ಚಮಚ ಒರೆಸುತ್ತ, "ನನಗ ಅನಸೂದಲ್ರಿ ಅವ್ವಾರ, ಮಷೀನು ಹೇಳ್ತದ" ಎಂದೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಮಾತು ನಮ್ಮಲ್ಲಿದೆ. ನಾನು ಪ್ರಮಾಣವನ್ನು ಹಿಡಿದುಕೊಂಡು ಪ್ರತ್ಯಕ್ಷವನ್ನು ಬಿಟ್ಟೆ. ಆಫೀಸಿಗೆ ಬಂದು ಇಪ್ಪತ್ತೇಳು ಮನೆಗಳ ಎದುರೂ 'ಸಕ್ಕರೆ ಮರೆಮಾಚಿರುವ ಸಾಧ್ಯತೆ' ಎಂದು ಬರೆದು ಸಹಿ ಹಾಕಿದೆ. ಜನವರಿಯಲ್ಲಿ ನನಗೆ ಹೊಸ ಕಾಗದ ಸಿಕ್ಕಿತು.

ಫೆಬ್ರುವರಿಯಲ್ಲಿ ಒಂದು ದಿನ ಕಾತ್ರಜ್ ಬಸ್ ಸ್ಟಾಪಿನಲ್ಲಿ ಶೈಲಶ್ರೀ ಸಿಕ್ಕಳು. ತಾನಾಗಿಯೇ ಹೇಳಿದಳು. ನಾನು ಬಂದುಹೋದ ದಿನವೇ ಶಿವರಾಜ ತಾಯಿಯ ಟ್ರಂಕು ತೆಗೆದು ನೋಡಿದನಂತೆ, ಸೀರೆ ಬಿಟ್ಟು ಏನೂ ಸಿಗಲಿಲ್ಲವಂತೆ. ಸಿಗದಿದ್ದದ್ದು ಇನ್ನೂ ಕೆಟ್ಟದಾಯಿತು, ಎಲ್ಲಿ ಇಡುತ್ತಾಳೋ ಎಂದು ಅವನಿಗೆ ಹುಳ ಹೊಕ್ಕಿತು. ಸಕ್ಕರೆ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿ, ಕೀಲಿಯನ್ನು ಹೆಂಡತಿಯ ಕೈಗೆ ಕೊಟ್ಟಿದ್ದಾನೆ. ಸಿಟ್ಟಿಗಲ್ಲ, ಹೆದರಿಕೆಗೆ. ಅಪ್ಪನ ಕಾಲು ಹೋದದ್ದನ್ನು ಅವನು ಕಣ್ಣಾರೆ ಕಂಡವನು. ಅತ್ತೆಯ ಮುಂದೆ ಕೀಲಿ ತಿರುವುವಾಗ ನನಗೆ ಸತ್ತಂಗ ಆಗ್ತದ್ರಿ ಎಂದಳು ಶೈಲಶ್ರೀ. ಬಂದವರ ಮುಂದೆ ಅವನು ವರ್ಷ ಎಣಿಸುವುದನ್ನು ಬಿಟ್ಟಿದ್ದ. ನಾಗವ್ವ ಒಂದೇ ಸಲ, ನಾ ತಿಂದಿಲ್ಲ ಎಂದಿದ್ದರು. ಎರಡನೆಯ ಸಲ ಹೇಳಲಿಲ್ಲ. ಕೆಳಗಿನ ಮಾಳಿಗೆಯ ಮರಾಠಿ ಆಜಿಯ ಮನೆಯಲ್ಲಿ ಮಧ್ಯಾಹ್ನವೆಲ್ಲ ಕೂತಿರುತ್ತಾರೆ, ಮನೆಯಲ್ಲಿ ಮಾತು ಕಡಿಮೆ ಎಂದಳು. ನಾನು ಹೂಂ ಹೂಂ ಎಂದೆ. ನನ್ನ ಬಸ್ಸು ಬಂತು, ಹತ್ತಿದೆ.

ಏಪ್ರಿಲಿನಲ್ಲಿ ಅಧ್ಯಯನದ ಮೊದಲ ಭಾಗ ಮುಗಿಯಿತು. ಇನ್ನು ರಕ್ತದ ಗುಟ್ಟನ್ನು ಹೇಳಬಹುದೆಂದು ಅಂಬಾ ಮ್ಯಾಡಮ್ ನಮ್ಮನ್ನೆಲ್ಲ ಕೂಡಿಸಿ ಬೋರ್ಡಿನ ಮೇಲೆ ಬರೆದು ವಿವರಿಸಿದರು. ನಾವು ತಿನ್ನುವ ಎಲ್ಲದರಲ್ಲೂ ಇಂಗಾಲ ಇರುತ್ತದೆ. ಅದರಲ್ಲಿ ಹಗುರದ್ದು ಒಂದು, ಸ್ವಲ್ಪ ಭಾರದ್ದು ಒಂದು. ಕಬ್ಬು ಬೆಳೆಯುವಾಗ ಭಾರದ್ದನ್ನು ಕೊಂಚ ಹೆಚ್ಚು ಉಳಿಸಿಕೊಳ್ಳುತ್ತದೆ. ಗೋಧಿ, ಅಕ್ಕಿ, ಬೇಳೆ ಕಡಿಮೆ ಉಳಿಸಿಕೊಳ್ಳುತ್ತವೆ. ಕಬ್ಬಿನ ಸಕ್ಕರೆ ತಿಂದವರ ರಕ್ತದಲ್ಲಿ ಭಾರದ್ದು ಏರುತ್ತದೆ, ಅದನ್ನು ಅಳೆದರೆ ಸಕ್ಕರೆ ಎಷ್ಟೆಂದು ಅಂದಾಜು ಸಿಗುತ್ತದೆ. ಇಷ್ಟು ಸೊಗಸಾಗಿ ನನಗೆ ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಕೈ ಎತ್ತಿ, ಜೋಳ ಯಾವ ಕಡೆಗೆ ಎಂದು ಕೇಳಿದೆ.

ಜೋಳ, ಸಜ್ಜೆ, ಗೋವಿನಜೋಳ ಎಲ್ಲ ಕಬ್ಬಿನ ಕಡೆಯವೇ ಎಂದರು ಮ್ಯಾಡಮ್. ಅದಕ್ಕೇ ದಿನಕ್ಕೆ ಒಂದಕ್ಕಿಂತ ಹೆಚ್ಚು ಭಾಕರಿ ತಿನ್ನುವವರನ್ನು ಮೊದಲೇ ಕೈಬಿಟ್ಟಿದ್ದೇವೆ, ಅವರ ರಕ್ತದಲ್ಲಿ ಜೋಳ ಎಷ್ಟು, ಸಕ್ಕರೆ ಎಷ್ಟು ಎಂದು ಬೇರೆ ಮಾಡಲಾಗುವುದಿಲ್ಲ. ಆಮೇಲೆ ನನ್ನ ಕಡೆ ನೋಡಿ, ನಿನಗೆ ಆ ಚಿಂತೆ ಬೇಡ, ನಿನ್ನ ಮನೆಗಳಲ್ಲಿ ಯಾರೂ ಭಾಕರಿ ತಿನ್ನುವುದಿಲ್ಲ, ಎಲ್ಲರದೂ ರೋಟಿ ಎಂದರು.

ನನ್ನ ಕೈ ಎತ್ತಿದ್ದು ಹಾಗೇ ಇತ್ತು. ಎಲ್ಲರ ಮುಂದೆ ಎದ್ದು ನಿಂತು ಹೇಳಿದೆ. ರೋಟಿಯಲ್ಲ ಮ್ಯಾಡಮ್, ರೊಟ್ಟಿ. ಕನ್ನಡದಲ್ಲಿ ರೊಟ್ಟಿ ಎಂದರೆ ಭಾಕರಿ. ಕುಶಲ ತನ್ನ ಮೇಜಿನಿಂದ, ಆದರೆ ಬರೆದದ್ದು ತಪ್ಪೇ ಇತ್ತಲ್ಲ ಎಂದ. ಯಾರೋ ನಕ್ಕರು. ಮ್ಯಾಡಮ್ ನಗಲಿಲ್ಲ, ಫಾರ್ಮುಗಳನ್ನು ತರಿಸಿದರು. ತಾಳೆಯಾದ ನಾಲ್ಕು ಮನೆ ಯಾವುವೆಂದು ನೋಡಿದರೆ, ಬೆಂಗಳೂರು ಕಡೆಯಿಂದ ಬಂದು ಅನ್ನ ಸಾರು ತಿನ್ನುವವರು. ಉಳಿದ ಇಪ್ಪತ್ತೇಳೂ ರೊಟ್ಟಿಯ ಮನೆ. ಒಬ್ಬರೂ ಸುಳ್ಳು ಹೇಳಿರಲಿಲ್ಲ. ಜನ ಹೇಳಿದ ಶಬ್ದವನ್ನೇ ಬರೆ ಎಂದಿದ್ದರು, ಮೊದಲ ವಾರ ಬರೆದಿದ್ದೆ, ಆಮೇಲೆ ಕೆಂಪು ಗೆರೆಗೆ ಹೆದರಿ ತಿದ್ದಿಕೊಂಡಿದ್ದೆ. ರಕ್ತವೂ ಸರಿಯಾಗಿಯೇ ಹೇಳಿತ್ತು. ನಡುವೆ ಸುಳ್ಳಾದದ್ದು ನಾನೊಬ್ಬಳು.

ಮ್ಯಾಡಮ್ ನನ್ನನ್ನು ತೆಗೆದುಹಾಕಲಿಲ್ಲ. ಇಪ್ಪತ್ತೇಳು ಮನೆಗಳನ್ನು ಪಟ್ಟಿಯಿಂದ ಹೊಡೆದುಹಾಕಿ, ಮುಂದಿನ ಫಾರ್ಮಿನಲ್ಲಿ ಹಿಟ್ಟಿನ ಹೆಸರಿಗೆ ಬೇರೆ ಕಾಲಮ್ಮು ಮಾಡಿಸಿದರು. ಮನೆಯವರಿಗೆ ಹೇಳಬೇಕಲ್ಲ ಎಂದೆ. ಹೇಳುವುದೇನು, ಅವರಿಗೆ ಮೊದಲೂ ವರದಿ ಹೇಳಿಲ್ಲವಲ್ಲ ಎಂದರು. ಒಂದು ಮನೆಗೆ ಹೇಳಿದ್ದೇನೆ ಎಂದು ಒಪ್ಪಿಕೊಂಡೆ. ಹಾಗಾದರೆ ಹೋಗು ಎಂದರು.

ಆ ವಾರವೇ ಹೋದೆ. ಅಂಗಡಿಗೆ ರಜೆಯಿದ್ದ ದಿನವನ್ನೇ ಹಿಡಿದೆ, ಮಗನ ಮುಂದೆ ಆಡಿದ್ದನ್ನು ಮಗನ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. ನಾಗವ್ವ ಗೋಡೆಗೆ ಆತುಕೊಂಡು ಕೂತಿದ್ದರು. ಶಿವರಾಜ ಕುರ್ಚ್ಯಾಗ ಕೂಡ್ರಿ ಎಂದ. ನಾನು ಚಾಪೆಯ ಮೇಲೆ ಕೂತು ಮೊದಲಿಂದ ಕೊನೆಯವರೆಗೆ ಹೇಳಿದೆ. ಕಬ್ಬು, ಜೋಳ, ರೊಟ್ಟಿ, ರೋಟಿ, ಕುಶಲನ ಕೆಂಪು ಗೆರೆ, ಜನವರಿಯ ಕಾಗದ, ಏನನ್ನೂ ಬಿಡಲಿಲ್ಲ.

ಶಿವರಾಜ ಕೇಳಿದ. "ಅಂದ್ರ ರಕ್ತದ್ದು ತಪ್ಪಿತ್ತೇನ್ರಿ ಅಕ್ಕಾರ?"

"ರಕ್ತದ್ದು ತಪ್ಪಿಲ್ರಿ. ಅದು ನಿಮ್ಮ ಅವ್ವಾರ ತಿಂದ ರೊಟ್ಟಿ. ತಪ್ಪು ನಂದು. ಅವರು ಒಂದು ಹರಳು ಸಕ್ಕರಿನೂ ತಿಂದಿದ್ದಿಲ್ಲ."

ಅವನ ಮುಖ ಕೆಂಪಾಯಿತು. ಒಂದು ಗಳಿಗೆ ನಿಂತವನು ತಾಯಿಯ ಕಾಲ ಹತ್ತಿರ ಕುಕ್ಕುರುಗಾಲಿನಲ್ಲಿ ಕೂತ. ಕೀಲಿ ತಾ ಎಂದು ಹೆಂಡತಿಗೆ ಹೇಳಿದ. ಶೈಲಶ್ರೀ ಓಡಿಹೋಗಿ ಕೀಲಿ ತೆಗೆದು, ಸಕ್ಕರೆ ಡಬ್ಬಿಯನ್ನೇ ಎತ್ತಿಕೊಂಡು ಬಂದಳು. ಅವಳ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ ಇತ್ತು. ಎಲ್ಲ ಸರಿಹೋಯಿತು ಎಂದು ನಾನು ಅಂದುಕೊಂಡೆ. ಎದ್ದು ಹೊರಡುವ ಹಗುರವೂ ಬಂದಿತ್ತು.

ನಾಗವ್ವ ಡಬ್ಬಿಯ ಕಡೆ ನೋಡಿದರು.

"ಆವಾಗ ತಿಂದಿದ್ದಿಲ್ಲ" ಎಂದರು. "ಈಗ ತಿಂತೀನಿ."

ಯಾರಿಗೂ ಒಮ್ಮೆಲೇ ಅರ್ಥವಾಗಲಿಲ್ಲ. ಅವರೇ ಹೇಳಿದರು. ಸಂಕ್ರಮಣದ ದಿನ ಕೆಳಗಿನ ಆಜಿ ಎಳ್ಳುಂಡೆ ಕೈಯಲ್ಲಿ ಹಾಕಿದಳಂತೆ. ಕಣ್ಣಿಗೆ ಒತ್ತಿಕೊಂಡರು, ಯಾರ ಕೈಗೆ ದಾಟಿಸುವುದೆಂದು ಸುತ್ತ ನೋಡಿದರು. ಆಮೇಲೆ ಬಾಯಿಗೆ ಹಾಕಿಕೊಂಡರು.

"ತಿನ್ನದ ಒಂಬತ್ತ ವರ್ಷ ಕುಂತೆ, ಒಂದ ಮಾತಿಗೆ ಹೋತು. ಹೆಂಗೂ ಕಳ್ಳಿ ಆಗೀನಿ, ತಿಂದರ ಆಗೂಣಂತ ತಿಂದೆ. ಈಗ ದಿನಾ ಮಧ್ಯಾಹ್ನ ಆಕಿ ಮನ್ಯಾಗ ಚಹಾ ಕುಡಿತೀನಿ. ಎರಡ ಚಮಚ ಹಾಕ್ತಾಳ."

ಶಿವರಾಜ, "ಇರ್ಲಿ ಬಿಡವ್ವಾ, ಕುಡಿ" ಎಂದ.

ಅವರು ಅವನ ಮಾತನ್ನು ಕೇಳಿಸಿಕೊಳ್ಳದವರಂತೆ ನನ್ನ ಕಡೆ ತಿರುಗಿದರು. ಬರಕೊ ಎಂದರು. ನಾನು ಫಾರ್ಮು ತಂದಿಲ್ಲ ಅವ್ವಾರ, ಈ ಮನೆಯನ್ನು ಪಟ್ಟಿಯಿಂದ ತೆಗೆದಿದ್ದಾರೆ, ಇನ್ನು ಬರೆಯುವ ಕೆಲಸವಿಲ್ಲ ಎಂದೆ. ಹಾಳಿ ಶೈಲಾ ಕೊಡ್ತಾಳ, ಬರಕೊ ಎಂದರು. ಶೈಲಶ್ರೀ ಡಬ್ಬಿಯನ್ನು ಕೆಳಗಿಟ್ಟು ಒಂದು ಹಾಳೆ ಹರಿದು ತಂದುಕೊಟ್ಟಳು. ನಾಗವ್ವ ನಿನ್ನೆ ತಿಂದದ್ದನ್ನೆಲ್ಲ ಒಂದೇ ಸುತ್ತಿನಲ್ಲಿ ಹೇಳಿದರು, ನಾನು ಬರೆದೆ. ಬೆಳಿಗ್ಗೆ ಸಪ್ಪನ ಚಹಾ, ಎರಡು ರೊಟ್ಟಿ, ಮಜ್ಜಿಗೆ, ಮಧ್ಯಾಹ್ನ ಚಹಾ, ಸಕ್ಕರೆ ಎರಡು ಚಮಚ. ಬರೆದದ್ದನ್ನು ಓದಿ ಹೇಳು ಎಂದರು, ಓದಿದೆ. ಹೌದು ಎಂದು ತಲೆಯಾಡಿಸಿದರು.

ನಾನು ಹಾಳೆ ಮಡಚಿ ಚೀಲಕ್ಕೆ ಹಾಕಿಕೊಳ್ಳಲು ಹೋದೆ.

"ನಿಮ್ಮ ಆಫೀಸಿಗೆ ಬ್ಯಾಡ" ಎಂದರು ನಾಗವ್ವ. "ಅವನ ಕೈಯಾಗ ಕೊಡು."

ಶಿವರಾಜ ಕೂತಲ್ಲಿಂದ ತಲೆ ಎತ್ತದೆ ಎರಡೂ ಕೈ ಮುಂದೆ ಚಾಚಿದ. ನಾನು ಕೊಟ್ಟೆ.